ಖಡಕ್

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಬಸ್ಸು ಭೀಮೆಯನ್ನು ದಾಟಿ ಝಳಕಿಗೆ ಬಂದು ನಿಂತರೆ ಚಹಾದಂಗಡಿಯಲ್ಲಿ ಕೇಳುವುದು ಖಡಕ್ ಚಾ. ಊಟಕ್ಕೆ ಕೂತರೆ ಖಡಕ್ ರೊಟ್ಟಿ. ಲಂಚ ಮುಟ್ಟದ ಅಧಿಕಾರಿ ‘ಭಾಳ ಖಡಕ್ ಮನಷ್ಯಾ’.

ಇಂಥ ಗಡಸುತನಕ್ಕೆ ಒಂದೊಂದು ಭಾಷೆಯಲ್ಲಿ ಒಂದೊಂದು ಲೆಕ್ಕ. ಇಂಗ್ಲಿಷಿನ ‘ಫಿಯರ್ಸ್’ಗೆ ಹುಲಿಯೂ ಒಂದೇ, ಬಿರುಗಾಳಿಯೂ ಒಂದೇ, ಪೈಪೋಟಿ, ನಿಷ್ಠೆಗಳಿಗೂ ಅದೇ ಸಾಕು. ಅದರ ಲ್ಯಾಟಿನ್ ಬೇರಿನಲ್ಲಿ ಕಾಡಿನ ವಾಸನೆಯಿದೆ. ಕನ್ನಡಕ್ಕೆ ಅಷ್ಟು ಧಾರಾಳವಿಲ್ಲ: ಹುಲಿ ಕ್ರೂರ, ಬಿಸಿಲು ರಣ, ನರಸಿಂಹ ಉಗ್ರ. ಆ ‘ಉಗ್ರ’ನನ್ನೂ ಪತ್ರಿಕೆಗಳು ಬಾಂಬಿನವನಿಗೆ ಒಪ್ಪಿಸಿಬಿಟ್ಟಿವೆ, ಪಾಪ. ಗಡಸುತನವನ್ನು ಕೇಡಿನಿಂದ ಬಿಡಿಸಿ ನೋಡಬಹುದೇ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ರೊಟ್ಟಿ.

ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬದಿಗೆ ಆನಿಸಿ ನಿಲ್ಲಿಸುತ್ತಾರೆ. ಪಸೆ ಪೂರ್ತಿ ಆರಬೇಕು. ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಮೆತ್ತನ್ನ ರೊಟ್ಟಿ ಮರುದಿನಕ್ಕೇ ಹಳಸಲು. ಮುರಿದರೆ ಚಟಕ್ಕನೆ ಸದ್ದು, ಬದನೆಕಾಯಿ ಎಣಗಾಯಿಯ ರಸ ತಾಗಿದರೆ ಸಾಕು, ನೆನೆದು ಮೆತ್ತಗಾಗುತ್ತದೆ. ಬುತ್ತಿ ಕಟ್ಟಿಕೊಂಡು ದೂರದೂರಿಗೆ ದುಡಿಯಲು ಹೋಗುವವರಿಗೆ ಆ ಬಿರುಸೇ ಬೇಕು.

ಈ ಸೀಮೆಗೆ ಹೊರಗಿನವರು ಅಂಟಿಸಿದ ವಿಶೇಷಣ ಬೇರೆಯದೇ. ಪತ್ರಕರ್ತ ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’ ಪುಸ್ತಕ ಬಂತು, 2012ರಲ್ಲಿ ‘ಭೀಮಾ ತೀರದಲ್ಲಿ’ ಸಿನಿಮಾ ಬಂತು. ಇಂಡಿ, ಚಡಚಣ ಎಂದರೆ ಸಾಕು, ಬೆಂಗಳೂರಿನವರ ಕಣ್ಣಿಗೆ ಪಿಸ್ತೂಲು ಕಾಣತೊಡಗಿತು. ಹಗೆ, ಕೊಲೆಗಳು ಸುಳ್ಳೇನಲ್ಲ. ಆದರೆ ಝಳಕಿಗೆ ಹತ್ತಿರದ ಹಲಸಂಗಿಯಲ್ಲೇ ಕವಿ ಮಧುರಚೆನ್ನರು (1903–1953) ಬಾಳಿದ್ದು. ಚಡಚಣದವರೇ ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರು. ಇವರೂ ಜೊತೆಗಾರರೂ ಸೇರಿದ ‘ಹಲಸಂಗಿ ಗೆಳೆಯರು’ ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ ಆ ಹಾಡುಗಳ ಸಂಕಲನ ‘ಗರತಿಯ ಹಾಡು’ ಅಚ್ಚಾಯಿತು. ಹಂತಕರ ತೀರವೂ ಇದೇ, ಗೆಳೆಯರ ತೀರವೂ ಇದೇ. ಮಧುರಚೆನ್ನರೇನು ಮೆತ್ತನೆಯವರಲ್ಲ. ‘ನನ್ನ ನಲ್ಲ’ ಕವನ ಸಂಕಲನದಲ್ಲಿ ದೇವರನ್ನು ಹುಡುಕುವ ಹಟ ಯಾವ ವೈರಿಯ ಹಟಕ್ಕೂ ಕಡಿಮೆಯದಲ್ಲ, ಕಾಡಿಸಿಕೊಂಡದ್ದು ಮಾತ್ರ ಅವರ ಜೀವವೇ.

ಹಾಗೆಂದು ‘ಖಡಕ್’ ಎಂಬ ಮಾತನ್ನು ಪೂರ್ತಿ ನಂಬಲು ನನಗೆ ಧೈರ್ಯ ಸಾಲದು. ಹೆಂಡತಿ ಮಕ್ಕಳ ಮೇಲೆ ಕೈಮಾಡುವವನನ್ನೂ ಓಣಿಯ ಗಂಡಸರು ‘ಮನ್ಯಾಗ ಭಾಳ ಖಡಕ್ ಅದಾನ’ ಎಂದು ಒಪ್ಪಿಕೊಂಡಂತೆ ಹೇಳುವುದುಂಟು. ಅದೇ ಮನೆಯ ಹೆಂಗಸರು ಅವನಿಗೆ ಯಾವ ಹೆಸರಿಡುತ್ತಾರೋ ಕೇಳಬೇಕು. ತವರಿನ ಸುಖ, ಅತ್ತೆಮನೆಯ ಸಂಕಟ ಎರಡನ್ನೂ ಮೂರೇ ಸಾಲಿನಲ್ಲಿ ಹೇಳಿ ಮುಗಿಸಿದವರು ಅವರ ಅಜ್ಜಿಯರೇ.