ಕೂಲಿಯ ಪೂರ್ಣ ಲೆಕ್ಕ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಪತಿಯನ್ನು ಕಳುಹಿಸಿದಳೆಂಬುದು ಶರಣಚರಿತ್ರೆ. ತನ್ನದಲ್ಲದುದು ಮನೆಯೊಳಗಿರಬಾರದೆಂಬುದೇ ಆ ತಾಯಿಯ ನಿಷ್ಠೆ. ದುಡಿಯುವವರ ಈ ನೀತಿಯು ದುಡಿಸಿಕೊಳ್ಳುವವರಿಗೂ ಸಲ್ಲುವುದು.

ಭವಿಷ್ಯನಿಧಿ ಹಾಗೂ ಇ.ಎಸ್.ಐ.ಗೆ ಒಳಪಟ್ಟ ಕಾರ್ಖಾನೆಯ ಯಜಮಾನನೊಬ್ಬನು ತಿಂಗಳಿಗೆ 15,000 ರೂಪಾಯಿ ವೇತನಕ್ಕೆ ಒಬ್ಬನನ್ನು ನೇಮಿಸಿಕೊಂಡನೆನ್ನೋಣ. ವೆಚ್ಚವು ಅಷ್ಟಕ್ಕೇ ನಿಲ್ಲದು. ಭವಿಷ್ಯನಿಧಿಗೆ ಶೇಕಡಾ 12ರಂತೆ 1,800 ರೂಪಾಯಿ, ಇ.ಎಸ್.ಐ.ಗೆ ಶೇಕಡಾ 3.25ರಂತೆ ಸುಮಾರು 488 ರೂಪಾಯಿ ಸಲ್ಲಿಸಬೇಕು. ಸೇವೆಯ ವರ್ಷವೊಂದಕ್ಕೆ ಹದಿನೈದು ದಿನದ ವೇತನದಂತೆ ಸಲ್ಲುವ ಗ್ರಾಚ್ಯುಯಿಟಿಗಾಗಿ ತಿಂಗಳಿಗೆ ಸುಮಾರು 721 ರೂಪಾಯಿ ತೆಗೆದಿರಿಸಬೇಕು. ಇಷ್ಟಕ್ಕೇ ಲೆಕ್ಕವು 18,000ವನ್ನು ದಾಟುವುದು. ಬೋನಸ್ಸು, ಸಂಬಳಸಹಿತವಾದ ರಜೆ, ಕೆಲಸ ಕಲಿಸುವ ಕಾಲ, ಇವು ಬೇರೆ. ಅತ್ತ ಕೆಲಸಗಾರನ ಪಾಲಿನ ವಂತಿಗೆಯನ್ನು ಕಳೆದರೆ ಅವನ ಕೈಸೇರುವುದು 13,000ದ ಆಸುಪಾಸು ಮಾತ್ರ.

ಈ ಅಂತರವನ್ನು ಕಂಡು ಯಜಮಾನನು ನಿಟ್ಟುಸಿರಿಡುವುದುಂಟು; ಕೆಲವರ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸದಿರುವ ಯೋಚನೆಯೂ ಸುಳಿಯುವುದುಂಟು. ಆದರೆ ಆ ಹಣವು ಹೋಗುವುದೆಲ್ಲಿಗೆ? ದುಡಿದವನ ರೋಗಕ್ಕೆ, ಮುಪ್ಪಿಗೆ, ಅವನ ಹೆಂಡಿರುಮಕ್ಕಳ ಆಸರೆಗೆ. ಅದು ಯಜಮಾನನು ಕೊಟ್ಟ ದಾನವಲ್ಲ, ತಡವಾಗಿ ತಲುಪುವ ಕೂಲಿ. ಅದನ್ನು ಉಳಿಸಿಕೊಂಡವನ ಮನೆಯಲ್ಲಿ ಪರರ ಅಕ್ಕಿ ಇದೆ. ಆದುದರಿಂದ ಪೂರ್ಣ ವೆಚ್ಚವನ್ನು ನೇಮಿಸುವ ಮುನ್ನವೇ ಎಣಿಸಬೇಕು. ನೇಮಿಸಿದ ಮೇಲೆ ಕೊರತೆಯಿಲ್ಲದೆ ಸಲ್ಲಿಸುವುದೇ ಧರ್ಮ.