ಗೆದ್ದದ್ದನ್ನು ಬಿಡುವ ಕಣ್ಣು

ದೊಡ್ಡಬಳ್ಳಾಪುರದ ಒಂದು ಮನೆಯಲ್ಲಿ ವಿದ್ಯುತ್ ಮಗ್ಗದ ಮುಂದೆ ನಿಂತಿದ್ದೆ. ಹಾಸಿನಲ್ಲಿ ಸಾವಿರಾರು ರೇಷ್ಮೆ ಎಳೆಗಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಹೊಳಪು. ಮನೆಯಾಕೆ ಮಾತಿನ ನಡುವೆಯೇ ಮಗ್ಗ ನಿಲ್ಲಿಸಿ, ಕಡಿದಿದ್ದ ಒಂದು ಎಳೆಯನ್ನು ಕೂಡಿಸಿದರು. "ಹೇಗೆ ಕಂಡಿತಮ್ಮ?" ಎಂದೆ. "ಅದನ್ನೇ ನೋಡ್ತಾ ಇರ್ತೀವಲ್ಲ, ಮೇಷ್ಟ್ರೇ" ಎಂದರು.

ನಾನು ಹೋದದ್ದು ಮಗ್ಗ ನೋಡಲು ಅಲ್ಲ. ಅವರ ಮಗಳು ನನ್ನ ತರಗತಿಗೆ ಬಾರದೆ ಮೂರು ವಾರವಾಗಿತ್ತು. ಅದನ್ನು ತಿಳಿಸಿದ್ದು ನನ್ನ ಕಣ್ಣಲ್ಲ, ಹಾಜರಿ ಪುಸ್ತಕ. ಮಗ್ಗದ ಆಚೆ ನಿಂತಿದ್ದವಳೇ ಆ ಹುಡುಗಿಯೆಂದು ತಾಯಿ ಹೇಳುವವರೆಗೆ ನನಗೆ ಗುರುತು ಸಿಗಲಿಲ್ಲ.

ನೋಟವು ಒಂದನ್ನು ಹಿಡಿದು ಉಳಿದುದನ್ನು ಬಿಡುವುದೇಕೆ? 1998ರಲ್ಲಿ ಇಟ್ಟಿ, ಕಾಕ್, ನೀಬರ್ ಎಂಬ ಮೂವರು ವಿಜ್ಞಾನಿಗಳು ಮೆದುಳಿನ ದೃಷ್ಟಿವ್ಯವಸ್ಥೆಯನ್ನು ಅನುಸರಿಸಿ ಕಂಪ್ಯೂಟರಿನಲ್ಲಿ ಗಮನದ ಮಾದರಿಯೊಂದನ್ನು ಕಟ್ಟಿದರು. ಬಣ್ಣ, ಬೆಳಕು, ಗೆರೆಗಳ ಓರೆ ಈ ಮೂರರಲ್ಲಿ ಚಿತ್ರದ ಯಾವ ಜಾಗ ನೆರೆಹೊರೆಗಿಂತ ಬೇರೆಯೆಂದು ಅದು ಲೆಕ್ಕ ಹಾಕುತ್ತದೆ. ಜಾಗಗಳೆಲ್ಲ ಸ್ಪರ್ಧಿಸಿ, ಗೆದ್ದ ಒಂದರ ಮೇಲೆ ನೋಟ ನಿಲ್ಲುತ್ತದೆ. ನನ್ನ ತರಗತಿಯೂ ಹೀಗೆಯೇ: ಕೈಯೆತ್ತುವ ಜಾಣ, ಗಲಾಟೆಯ ತುಂಟ, ಗೆಲ್ಲುವವರು ಇವರೇ. ಕೊನೆಯ ಬೆಂಚಿನ ಮೌನಕ್ಕೆ ಬಣ್ಣವೆಲ್ಲಿ, ಬೆಳಕೆಲ್ಲಿ?

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಅರುಣ್ ಮತ್ತು ಸಂಗಡಿಗರು ಕಂಪ್ಯೂಟರಿನ ನರಜಾಲಗಳ ನೋಟವನ್ನು ಮನುಷ್ಯನ ನೋಟದೊಡನೆ ಹೋಲಿಸಿ 2021ರಲ್ಲಿ ಪ್ರಕಟಿಸಿದರು. ಬಿಡಿಗಿಂತ ಮೊದಲು ಇಡಿಯನ್ನು ಕಾಣುವ ನಮ್ಮ ಗುಣ, ವಸ್ತುಗಳನ್ನು ಗುರುತಿಸಲು ಕಲಿತ ಜಾಲಗಳಲ್ಲಿ ಅವರಿಗೆ ಕಾಣಲಿಲ್ಲ. ಇಡಿಯನ್ನು ಕಾಣುವುದು ಮನುಷ್ಯನ ಹಿರಿಮೆಯೇ ಇರಬಹುದು. ನಾನೂ ಇಡೀ ತರಗತಿಯನ್ನು ಕಂಡಿದ್ದೆ, ಬಿಡಿ ಹುಡುಗಿಯನ್ನಲ್ಲ.

ಹಾಗಾದರೆ, ಮೆದುಳೇ ಹೀಗೆ ಎಂದು ಸಮಾಧಾನ ಪಟ್ಟುಕೊಳ್ಳಬಹುದೆ? ಆ ಹಳೆಯ ಮಾದರಿಯೇ ಬೇಡವೆನ್ನುತ್ತದೆ. ಗೆದ್ದ ಜಾಗವನ್ನು ಅದು ಕೊಂಚ ಹೊತ್ತು ಅಡಗಿಸುತ್ತದೆ. ಎರಡನೆಯದಕ್ಕೆ, ಮೂರನೆಯದಕ್ಕೆ ಸರದಿ ಬರಲೆಂದು. ಈ ಉಪಾಯ ನಮ್ಮ ಕಣ್ಣಿಗೂ ಉಂಟು. ನಾನು ಅದನ್ನು ತರಗತಿಯಲ್ಲಿ ಬಳಸಲಿಲ್ಲ, ಅಷ್ಟೆ. ಆದರೆ ಸರದಿಯೊಂದೇ ಸಾಲದು. ಮಂಕಾದದ್ದರ ಸರದಿ ಬರುವ ಮೊದಲೇ ಗಂಟೆ ಬಾರಿಸುತ್ತದೆ. ಆ ತಾಯಿಯ ಕಣ್ಣು ಎಳೆ ಕರೆಯಲಿ ಎಂದು ಕಾಯಲಿಲ್ಲ. ಕಡಿದುದನ್ನು ತಾನೇ ಹುಡುಕುತ್ತಿತ್ತು. ಗುರಿಯಿಟ್ಟು ಹುಡುಕುವ ಇಂಥ ನೋಟವನ್ನೂ ಅನಂತರದ ಮಾದರಿಗಳು ಕಲಿತಿವೆ. ಏನನ್ನು ಹುಡುಕಬೇಕು ಎಂಬುದನ್ನು ಮಾತ್ರ ಮನುಷ್ಯನೇ ಹೇಳಬೇಕು. ನೀತಿಯ ಪ್ರಶ್ನೆ ಇರುವುದು ಅಲ್ಲಿ. ಸೆಳೆತಕ್ಕೆ ನಾವು ಹೊಣೆಯಲ್ಲ. ಹುಡುಕದೆ ಇದ್ದುದಕ್ಕೆ ಹೊಣೆ.

ಹುಡುಗಿ ಈಗ ವಾರಕ್ಕೆ ನಾಲ್ಕು ದಿನ ಬರುತ್ತಾಳೆ. ಉಳಿದ ದಿನ ಮಗ್ಗಕ್ಕೆ ಬೇಕು. ನಾನು ಹಾಜರಿ ಕರೆಯುವಾಗ ಹೆಸರಿಗೊಮ್ಮೆ ತಲೆಯೆತ್ತುತ್ತೇನೆ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಪಾಠ ಅಷ್ಟು ಕಡಿಮೆಯಾಗುತ್ತದೆ. ಆಗಲಿ.