ಬೆರಳು ಗಾಜಿನ ಮೇಲೆ, ಕಣ್ಣು ಎಲ್ಲಿ?

ಮನೆಯಲ್ಲೇ ವಿಮಾನದ ಕಾಕ್‌ಪಿಟ್ ಕಟ್ಟಿಕೊಂಡು, ಕಂಪ್ಯೂಟರಿನ ನೆರವಿನಿಂದ ಹಾರಾಟ ನಡೆಸುವ ಹವ್ಯಾಸವೊಂದಿದೆ. ಮೈಕ್ರೋಸಾಫ್ಟ್ ಕಂಪನಿ 1982ರಲ್ಲಿ ತಂದ ಫ್ಲೈಟ್ ಸಿಮ್ಯುಲೇಟರ್ ಇಂದು ಬಹಳ ಬೆಳೆದಿದೆ. ವೈಟ್‌ಫೀಲ್ಡಿನ ಒಬ್ಬ ತಂದೆ ತನ್ನ ಫ್ಲ್ಯಾಟಿನ ಚಿಕ್ಕ ಕೋಣೆಯಲ್ಲಿ ಇಂಥದೊಂದನ್ನು ಕಟ್ಟಲು ಹೊರಟಿದ್ದಾನೆ ಎಂದಿಟ್ಟುಕೊಳ್ಳೋಣ. ನಿಜವಾದ ಸ್ವಿಚ್ಚು, ನಾಬುಗಳನ್ನು ಕೂರಿಸುವುದೋ, ಅವುಗಳ ಚಿತ್ರ ತೋರಿಸುವ ಟಚ್‌ಸ್ಕ್ರೀನ್ ಮಾನಿಟರ್ ಇಡುವುದೋ? ಟಚ್‌ಸ್ಕ್ರೀನಿನಲ್ಲಿ ಖರ್ಚು, ತೊಂದರೆ ಎರಡೂ ಕಡಿಮೆ. ಅದೇ ಗಾಜು ಇಂದು ಏರ್‌ಬಸ್, ನಾಳೆ ಬೋಯಿಂಗ್. ನಾಬುಗಳಾದರೆ ಒಂದೊಂದಕ್ಕೂ ತಂತಿ ಎಳೆಯಬೇಕು, ಬಿಡಿಭಾಗಕ್ಕಾಗಿ ಪೀಣ್ಯಕ್ಕೋ ಎಸ್.ಪಿ. ರಸ್ತೆಗೋ ಅಲೆಯಬೇಕು.

ಇದರಲ್ಲಿ ಧರ್ಮದ ಮಾತೇನಿದೆ ಎಂದು ಓದುಗರು ಕೇಳಬಹುದು. ಗಾಜಿಗೆ ಉಬ್ಬು ತಗ್ಗಿಲ್ಲ. ಬೆರಳು ಎಲ್ಲಿದೆ ಎಂದು ತಿಳಿಯಲು ಕಣ್ಣೂ ಅಲ್ಲಿಗೇ ಹೋಗಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲಾಪ್ ಎತ್ತಲು ಹೋಗಿ ಚಕ್ರಗಳನ್ನೇ ಎತ್ತಿಬಿಡುತ್ತಿದ್ದರು. ಎರಡರ ಸ್ವಿಚ್ಚುಗಳೂ ಅಕ್ಕಪಕ್ಕ, ನೋಡಲು ಒಂದೇ ಬಗೆ. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ಫ್ಲಾಪಿನ ಆಕಾರ ಕೊಡಿಸಿದರು. ಇಂದಿಗೂ ವಿಮಾನದಲ್ಲಿ ಚಕ್ರದ ಹಿಡಿ ಚಕ್ರದಂತೆಯೇ ಇರುತ್ತದೆ. ಕೈಗೆ ಕೆಲಸ ಗೊತ್ತಿದ್ದರೆ ಕಣ್ಣಿಗೆ ಬಿಡುವು. ಜಪಸರ ಹಿಡಿದ ಅಜ್ಜಿ ಮಣಿಗಳನ್ನು ನೋಡುವುದಿಲ್ಲ; ಜ್ವರ ಬಂದು ಮಲಗಿದ ಮೊಮ್ಮಗನ ಮುಖ ನೋಡುತ್ತಲೇ ಹತ್ತು ಮಣಿ ಮುಗಿಸುತ್ತಾಳೆ.

2017ರ ಆಗಸ್ಟಿನಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲ ಹಡಗೊಂದಕ್ಕೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಅದರ ಚುಕ್ಕಾಣಿ, ವೇಗದ ನಿಯಂತ್ರಣವೆಲ್ಲ ಟಚ್‌ಸ್ಕ್ರೀನಿನಲ್ಲಿತ್ತು. ಯಾವುದು ಯಾರ ಕೈಯಲ್ಲಿದೆ ಎಂಬುದೇ ಸಿಬ್ಬಂದಿಗೆ ಗೊಂದಲವಾಯಿತು. ವೇಗದ ನಿಯಂತ್ರಣಕ್ಕೆ ಮತ್ತೆ ಕೈಹಿಡಿಗಳನ್ನೇ ಇಡುವುದಾಗಿ 2019ರಲ್ಲಿ ಆ ನೌಕಾಪಡೆ ಹೇಳಿತು.

ಹಾಗೆಂದು ಗಾಜು ಪಾಪ, ನಾಬು ಪುಣ್ಯ ಎನ್ನಲಾದೀತೇ? ನಮ್ಮ ಊರಿನದೇ ದುಃಖದ ಕಥೆ ಅಡ್ಡ ಬರುತ್ತದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಎಚ್.ಎ.ಎಲ್. ವಿಮಾನ ನಿಲ್ದಾಣ ತಲುಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಅಲ್ಲಿದ್ದದ್ದು ನಿಜವಾದ ನಾಬುಗಳೇ. ಇಳಿಯುವ ವೇಗದ ನಾಬಿನ ಬದಲು ಪಕ್ಕದ ಎತ್ತರದ ನಾಬನ್ನು ತಿರುಗಿಸಿರಬಹುದು ಎಂಬ ಮಾತು ತನಿಖೆಯಲ್ಲಿ ಬಂತು. ಎಂಜಿನ್ನುಗಳು ತಗ್ಗಿದ್ದವು, ವೇಗ ಕುಸಿಯುತ್ತಿತ್ತು. ಇಬ್ಬರು ಅನುಭವಿ ಕ್ಯಾಪ್ಟನ್‌ಗಳು ಕುಳಿತಿದ್ದರೂ ಅದು ಮನಸ್ಸಿಗೆ ತಟ್ಟುವಾಗ ಹೊತ್ತು ಮೀರಿತ್ತು.

ಆದ್ದರಿಂದ ಪ್ರಶ್ನೆ ಗಾಜಿನದಷ್ಟೇ ಅಲ್ಲ, ಗಮನದ್ದು. ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ನೂಕುನುಗ್ಗಲಿನ ನಡುವೆ ರೋಗಿಷ್ಠ ಹೆಂಗಸೊಬ್ಬಳು ಯೇಸುವಿನ ಉಡುಪನ್ನು ಮುಟ್ಟುತ್ತಾಳೆ. ಇಷ್ಟು ಜನ ಮೈಮೇಲೆ ಬೀಳುತ್ತಿರುವಾಗ ಮುಟ್ಟಿದವರಾರು ಎಂದು ಕೇಳುವುದೇ ಎಂದು ಶಿಷ್ಯರಿಗೆ ಅಚ್ಚರಿ. ಯೇಸುವಾದರೋ ನಿಂತು, ತಿರುಗಿ, ಅವಳಿಗಾಗಿ ಸುತ್ತಲೂ ನೋಡುತ್ತಾರೆ. ಜಾಯಿರನ ಮಗಳು ಸಾವಿನಂಚಿನಲ್ಲಿದ್ದಾಳೆ, ಹೋಗುವ ಅವಸರವಿದೆ, ಆದರೂ ನಿಲ್ಲುತ್ತಾರೆ.

ವೈಟ್‌ಫೀಲ್ಡಿನ ಕೋಣೆಯಲ್ಲಿ ವಿಮಾನ ಬಿದ್ದರೆ ಯಾರೂ ಸಾಯುವುದಿಲ್ಲ; ಒಂದು ಗುಂಡಿ ಒತ್ತಿದರೆ ಮತ್ತೆ ರನ್‌ವೇ. ಬಾಗಿಲಲ್ಲಿ ನಿಂತು ಎರಡು ಸಲ ಕರೆದು ಹೋದ ಮಗಳನ್ನು ಹಾಗೆ ಹಿಂದಕ್ಕೆ ತರುವ ಗುಂಡಿ ಇಲ್ಲ. ವಾರವಿಡೀ ಆಫೀಸಿನ ಪರದೆ ನೋಡಿ ದಣಿದವನಿಗೆ ಹವ್ಯಾಸ ಬೇಡವೆನ್ನುವುದು ಕ್ರೂರವೇ ಸರಿ. ನಕಾಶೆ, ರೇಡಿಯೋ ಗಾಜಿನಲ್ಲಿರಲಿ. ಥ್ರಾಟಲ್, ಫ್ಲಾಪು, ಚಕ್ರದ ಹಿಡಿ ಕೈಗೆ ಸಿಗುವಂತಿರಲಿ. ಏರ್‌ಬಸ್ ಎ350ಗೆ 2019ರಲ್ಲಿ ಟಚ್‌ಸ್ಕ್ರೀನ್ ಬಂದಾಗಲೂ ಇವು ಹಾಗೆಯೇ ಉಳಿದವು.

ಇನ್ನೊಂದು ಮಾತು. ಎ320ರಲ್ಲಿ ಪೈಲಟ್ ಸೀಟು ಎರಡು. ವಿಮಾನ ನಡೆಸದವರ ಕೆಲಸ ವೇಗ, ಎತ್ತರಗಳ ಮೇಲೆ ಕಣ್ಣಿಟ್ಟು ಗಟ್ಟಿಯಾಗಿ ಹೇಳುವುದು. ಮನೆಯ ಕಾಕ್‌ಪಿಟ್ಟಿನಲ್ಲಿ ಜಾಗ ಉಳಿಸಲು ಅನೇಕರು ಒಂದೇ ಕುರ್ಚಿ ಇಡುತ್ತಾರೆ. ಎರಡನೆಯದನ್ನೂ ಇಡಬಹುದು. ಅಂಕಿ ಓದಬಲ್ಲ ಹತ್ತು ವರ್ಷದ ಹುಡುಗಿ ಅಲ್ಲಿ ಕೂತು, "ಅಪ್ಪಾ, ಸ್ಪೀಡು ಕಡಿಮೆ ಆಗ್ತಾ ಇದೆ" ಎಂದು ಹೇಳಬಲ್ಲಳು.